ಹಳದಿ ಬಟ್ಟೆಯ ಮಾದಲಿ ಸೀಸೆ

ನಮ್ಮ ಮನೆಗೆ ಬಂದವರು ಅಡುಗೆಮನೆಯ ಅಟ್ಟದ ಕಡೆ ತಲೆ ಎತ್ತಿ ನೋಡಿದರೆ ನನಗೆ ಸಣ್ಣ ಹೆದರಿಕೆ ಆಗುತ್ತದೆ. ಅಲ್ಲೇನು ಬಂಗಾರ ಇಟ್ಟಿಲ್ಲ. ಖಾಲಿ ಗಾಜಿನ ಸೀಸೆಗಳನ್ನು ಇಟ್ಟಿದ್ದೇನೆ. ಜಾಮಿನದು, ಜೇನಿನದು, ಕಾಫಿಪುಡಿಯದು, ಪೇಟೆಯ ಉಪ್ಪಿನಕಾಯಿಯದು, ಯಾರದೋ ಮದುವೆಯಲ್ಲಿ ಒಣದ್ರಾಕ್ಷಿ ತುಂಬಿ ಕೊಟ್ಟದ್ದು, ಎಲ್ಲಿಂದ ಬಂತೆಂದು ನನಗೇ ಮರೆತುಹೋದದ್ದು. ಒಳಗಿನದು ಮುಗಿದ ದಿನವೇ ಬಿಸಾಕಿಬಿಡಬೇಕು ಅಂತ ನಾನೂ ಅಂದುಕೊಳ್ಳುತ್ತೇನೆ. ಆದರೆ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ ಸೀಸೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬಿಸಾಕಲು ನಿಮಗೂ ಮನಸ್ಸು ಬರುವುದಿಲ್ಲ.

ನಮ್ಮವರು ನಾರಾಯಣಪೇಟೆಯ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಶೇಂಗಾ ಅಡತಿ ಅಂಗಡಿ ಇಟ್ಟವರು. ಬಂದ ಮಾಲನ್ನು ಸಂಜೆಯೊಳಗೆ ಸಾಗಿಸಿದರೇ ಅವರಿಗೆ ನೆಮ್ಮದಿ. ಮನೆಯಲ್ಲಿ ಖಾಲಿ ಸೀಸೆಗಳು ವರ್ಷಗಟ್ಟಲೆ ಕೂತಿರುವುದು ಅವರ ವ್ಯಾಪಾರದ ಧರ್ಮಕ್ಕೆ ವಿರುದ್ಧ. ಈ ಊರಿಗೆ ಸೀರೆಯಿಂದ ಹೆಸರು ಬಂತು, ಇನ್ನು ನಿನ್ನಿಂದ ಸೀಸಾಕ್ಕೂ ಹೆಸರು ಬರಲಿ ಬಿಡು ಅಂತ ಛೇಡಿಸುತ್ತಾರೆ. ಆದರೂ ಅವರ ಅಂಗಿಯ ಗುಂಡಿಗಳು, ಔಷಧದ ಗುಳಿಗೆಗಳು, ಕದ್ದು ತಿನ್ನುವ ಕೊಬ್ಬರಿಮಿಠಾಯಿ ಎಲ್ಲ ಅಂಥ ಸೀಸೆಗಳಲ್ಲೇ ಇರುವುದು ಅವರಿಗೂ ಗೊತ್ತಿದೆ.

ಈ ಹುಚ್ಚು ನನಗೆ ಹತ್ತಿದ್ದು ತವರಿನಲ್ಲಿ. ಕೋಸಗಿಯ ಬಜಾರಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ದೊಡ್ಡ ದೊಡ್ಡ ಸೀಸೆಗಳು ಸಾಲಾಗಿ ಕೂತಿರುತ್ತಿದ್ದವು. ಒಂದರಲ್ಲಿ ಬತ್ತಾಸು, ಒಂದರಲ್ಲಿ ಪೆಪ್ಪರಮೆಂಟು, ಒಂದರಲ್ಲಿ ಹುಣಸೆಹಣ್ಣಿನ ಗೋಲಿ. ಅವುಗಳ ತಗಡಿನ ಮುಚ್ಚಳ ತಿರುಗಿಸಿದರೆ ಕಿರ್ರೆಂದು ಇಡೀ ಬಜಾರಿಗೆ ಕೇಳುವ ಸದ್ದು. ಅದಕ್ಕೆ ನಾನು ಪಕ್ಕದ ಹಿಟ್ಟಿನ ಗಿರಣಿ ಸುರುವಾಗುವ ತನಕ ಕಾಯುತ್ತಿದ್ದೆ. ಗಿರಣಿ ಗುಡುಗಲು ಹತ್ತಿದ ಕೂಡಲೇ ಮುಚ್ಚಳ ತೆಗೆದು ಬತ್ತಾಸು ಬಾಯಿಗೆ. ನನ್ನಷ್ಟು ಜಾಣೆ ಕೋಸಗಿಯಲ್ಲಿ ಇಲ್ಲ ಅಂತ ನಂಬಿದ್ದೆ. ಗಿರಣಿ ನಿಂತ ಮೇಲೂ ನನ್ನ ದವಡೆ ಆಡುತ್ತಿರುವುದು ಅಪ್ಪನಿಗೆ ಕಾಣುತ್ತದೆ ಅನ್ನುವಷ್ಟು ಬುದ್ಧಿ ಮಾತ್ರ ಇರಲಿಲ್ಲ.

ಹಿಂದಿನ ಓಣಿಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಇದ್ದಳು, ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ನಮ್ಮ ಮನೆಯಲ್ಲಿ ಏನು ಕಾರ್ಯವಾದರೂ ಅವಳ ಮನೆಯಿಂದ ನೆಲ್ಲಿಕಾಯಿ ಮುರಬ್ಬಾ ಬರಲೇಬೇಕು. ಗಾಜಿನ ಸೀಸೆಯಲ್ಲಿ ಜೇನುಬಣ್ಣದ ಪಾಕ, ಅದರಲ್ಲಿ ಮುಳುಗಿದ ನೆಲ್ಲಿಕಾಯಿಗಳು, ಮುಚ್ಚಳದ ಮೇಲೆ ಬಣ್ಣದ ಕಾಗದದಲ್ಲಿ ಅವಳೇ ಕತ್ತರಿಸಿ ಮಾಡಿದ ಗುಲಾಬಿ. ಮುರಬ್ಬಾ ಮುಗಿದರೂ ನಮ್ಮವ್ವ ಆ ಗುಲಾಬಿಯನ್ನು ಎಸೆಯುತ್ತಿರಲಿಲ್ಲ, ದೇವರ ಫೋಟೋಕ್ಕೆ ಸಿಗಿಸುತ್ತಿದ್ದಳು. ಲಿಂಗಪೂಜೆಯ ಕೋಣೆಯಲ್ಲಿ ಖಾಲಾನ ಕಾಗದದ ಹೂ ಎಷ್ಟೋ ವರ್ಷ ಬಾಡದೆ ಇತ್ತು.

ಅವ್ವನ ಕೈಕೆಲಸವೇ ಬೇರೆ. ಒಡೆದ ಗಾಜಿನ ಬಳೆಗಳನ್ನು ಅವಳು ಬಿಸಾಕುತ್ತಿರಲಿಲ್ಲ. ಬಳೆಚೂರನ್ನು ದೀಪದ ಉರಿಗೆ ಹಿಡಿದು, ಕಾದು ಮೆತ್ತಗಾದಾಗ ಬಾಗಿಸಿ, ಒಂದರೊಳಗೊಂದು ಕೊಂಡಿ ಹಾಕಿ ಬಾಗಿಲಿಗೆ ತೋರಣ ಮಾಡುತ್ತಿದ್ದಳು. ನಂಟರಲ್ಲಿ ಯಾರ ಮದುವೆಯಾದರೂ ಅವಳ ಮುಯ್ಯಿ ಅದೇ. ಹಸಿರು, ಕೆಂಪು, ನೀಲಿ ಬಳೆಗಳ ತೋರಣ ಗಾಳಿಗೆ ಗಿಲಿಗಿಲಿ ಅನ್ನುತ್ತಿತ್ತು. ಬೆಳ್ಳಿ ಲೋಟ ಕೊಟ್ಟವರನ್ನು ಮರೆತ ಮದುಮಗಳು ಬಳೆ ತೋರಣ ಕೊಟ್ಟವಳನ್ನು ಮರೆಯುತ್ತಿರಲಿಲ್ಲ. ನಾನೂ ಕಲಿಯಲು ಕೂತು ಬೆರಳು ಸುಟ್ಟುಕೊಂಡು, ಊದಿಕೊಂಡು, ಅತ್ತು, ಎದ್ದುಹೋದೆ.

ಆಮೇಲೆ ಹೊಲಿಗೆ ಹಿಡಿದೆ. ನಮ್ಮಣ್ಣನಿಗೆ ಮೊದಲ ಮಗು ಹುಟ್ಟಿದಾಗ ಸೋದರತ್ತೆಯಾದ ನಾನು ಕುಲಾಯಿ ಹೊಲಿಯಬೇಕಾಗಿತ್ತು. ಕೂಸಿನ ತಲೆಗೆ ಹಾಕುವ ಟೋಪಿ, ಕಿವಿ ಮುಚ್ಚುವ ಹಾಗೆ ಎರಡು ರೆಕ್ಕೆ, ಗದ್ದದ ಕೆಳಗೆ ಕಟ್ಟಲು ದಾರ. ಅಳತೆಗೆ ಕೂಸು ಎದುರಿಗಿರಲಿಲ್ಲ, ನನ್ನ ತಲೆ ಇತ್ತು. ಅದರಲ್ಲಿ ಸ್ವಲ್ಪ ಕಡಿಮೆ ಮಾಡಿದರಾಯಿತು ಅಂದುಕೊಂಡೆ. ಎಷ್ಟು ಕಡಿಮೆ ಮಾಡಿದೆನೋ ಏನೋ, ಕುಲಾಯಿ ಹಾಕಿದರೆ ಕೂಸು ಪೂರ್ತಿ ಅದರೊಳಗೇ ಕೂತುಬಿಡುತ್ತಿತ್ತು. ಅಪ್ಪ ಅದನ್ನು ತನ್ನ ತಲೆಗೆ ಹಾಕಿ ನೋಡಿದ, ಸರಿಯಾಗಿ ಕೂತಿತು. ಆ ಚಳಿಗಾಲವಿಡೀ ಗೊಂಡೆ, ಗೆಜ್ಜೆ ಇದ್ದ ಕುಲಾಯಿ ಕಟ್ಟಿಕೊಂಡೇ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ. ಮಗಳು ಮಾಡಿದ್ದು ದಂಡವಾಗಬಾರದು ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದ.

ಇಂಥ ನನ್ನ ಮನೆಗೆ ಸೊಸೆಯಾಗಿ ಬಂದವಳು ಮಧು. ಮಹಬೂಬನಗರದವಳು, ಮನೆಮಾತು ತೆಲುಗು. ನನ್ನ ಮಗ ಬಸು ಅವಳನ್ನು ಮದುವೆಯಾದಾಗ ಅತ್ತೆ-ಸೊಸೆ ಯಾವ ಭಾಷೆಯಲ್ಲಿ ಜಗಳವಾಡಬೇಕು ಅನ್ನೋದೇ ನಮಗೆ ತಿಳಿಯಲಿಲ್ಲ. ಆಮೇಲೆ ಆ ಕಷ್ಟ ತಾನಾಗಿ ಬಗೆಹರಿಯಿತು. ಅವಳು ತೆಲುಗಿನಲ್ಲಿ ಸುರುಮಾಡಿ ಕನ್ನಡದಲ್ಲಿ ಮುಗಿಸುತ್ತಾಳೆ, ನಾನು ಕನ್ನಡದಲ್ಲಿ ಸುರುಮಾಡಿ ತೆಲುಗಿನಲ್ಲಿ ಮುಗಿಸುತ್ತೇನೆ. ಅವಳು ಬಂದ ವಾರವೇ ಅಟ್ಟದ ಸೀಸೆಗಳನ್ನು ನೋಡಿದಳು. ನಗುತ್ತಾಳೆ ಅಂದುಕೊಂಡೆ. ಅವಳು ಕುರ್ಚಿ ಹಾಕಿ ಹತ್ತಿ, ಒಂದೊಂದೇ ಇಳಿಸಿ, ಒರೆಸಿ, ಇಷ್ಟು ಒಳ್ಳೆಯವು ಇಟ್ಟುಕೊಂಡು ಸುಮ್ಮನೆ ಕೂತಿದ್ದೀರಲ್ಲ ಅಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಸೀಸೆಗಳ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಆ ಹೊತ್ತಿಗೇ ಅವಳು ನನ್ನ ಮಗಳಾಗಿಬಿಟ್ಟಳು.

ಫೋನಿನಲ್ಲಿ ನೋಡಿ ನೋಡಿ ಅವಳು ಒಂದು ಹೊಸ ಸಿಹಿ ಕಲಿತಿದ್ದಳು. ಸೀಸೆಯಲ್ಲಿ ತಳಕ್ಕೆ ಪುಡಿಮಾಡಿದ ಬಿಸ್ಕೀಟು, ಅದರ ಮೇಲೆ ಕೆನೆ, ಮೇಲೆ ಮಾವಿನಹಣ್ಣಿನ ಹೋಳು, ಮತ್ತೆ ಬಿಸ್ಕೀಟು, ಮತ್ತೆ ಕೆನೆ. ಒಬ್ಬೊಬ್ಬರ ಕೈಗೆ ಒಂದೊಂದು ಸೀಸೆ, ಒಂದೊಂದು ಚಮಚ. ನಮ್ಮವರಿಗೆ ಅರವತ್ತು ತುಂಬಿದ ದಿನ ಅದನ್ನೇ ಮಾಡಿದಳು. ನೋಡಲು ಬಣ್ಣದ ಸೀರೆಯ ಮಡಿಕೆಗಳ ಹಾಗೆ ಬಲು ಚಂದ ಇತ್ತು. ಆದರೆ ನಮ್ಮದು ವೈಶಾಖದ ನಾರಾಯಣಪೇಟೆ. ಮಧ್ಯಾಹ್ನ ಕರೆಂಟು ಹೋಯಿತು, ಫ್ರಿಜ್ಜು ನಿಂತಿತು. ನಂಟರು ಬರುವ ಹೊತ್ತಿಗೆ ಮಡಿಕೆಗಳೆಲ್ಲ ಕೂಡಿ ಒಂದಾಗಿ ಬಿಸ್ಕೀಟು ತೇಲುತ್ತಿತ್ತು. ಚಮಚ ಬಿಟ್ಟು ಎಲ್ಲರೂ ಎತ್ತಿ ಕುಡಿದರು. ಪಾನಕ ಬಹಳ ಚಲೋ ಆಗಿದೆ ಅಂತ ನಮ್ಮವರು ಮನಸ್ಸಿನಿಂದಲೇ ಹೊಗಳಿದರು. ಮಧು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಹೊರಗೆ ಬಂದವಳೇ, ನಿಮ್ಮ ಕಡೆಯ ಸಿಹಿಯಲ್ಲಿ ಈ ಬಿಸಿಲಿಗೆ ಕೆಡದ್ದು ಯಾವುದು ಅಂತ ಕೇಳಿದಳು. ಮಾದಲಿ ಅಂದೆ. ಗೋಧಿಯನ್ನು ತರಿಯಾಗಿ ಬೀಸಿ, ದಪ್ಪ ರೊಟ್ಟಿ ಬೇಯಿಸಿ, ಕುಟ್ಟಿ ಪುಡಿಮಾಡಿ, ಬೆಲ್ಲ, ಪುಟಾಣಿ, ಎಳ್ಳು, ಗಸಗಸೆ, ಒಣಕೊಬ್ಬರಿ, ಯಾಲಕ್ಕಿ ಕಲಸಿದರೆ ಮಾದಲಿ. ತಿನ್ನುವಾಗ ಬಿಸಿ ಹಾಲು, ತುಪ್ಪ ಹಾಕಿಕೊಂಡರಾಯಿತು. ತಿಂಗಳು ಇಟ್ಟರೂ ಅದಕ್ಕೆ ಏನೂ ಆಗುವುದಿಲ್ಲ. ಮಧು ಹೂಂ ಅಂತ ತಲೆ ಆಡಿಸಿದಳು. ಆ ತಲೆಯಲ್ಲಿ ಆಗಲೇ ಸೀಸೆಗಳ ಸಾಲು ನಿಂತಿರಬೇಕು.

ಅಷ್ಟರಲ್ಲಿ ಅವಳು ಬಸುರಾದಳು. ತವರಿನಲ್ಲಿ ಹೆಣ್ಣುಮಗು ಹುಟ್ಟಿತು. ಮೂರು ತಿಂಗಳಾದ ಮೇಲೆ ಕೂಸನ್ನು ಕರೆದುಕೊಂಡು ನಮ್ಮಲ್ಲಿಗೆ ಬರಬೇಕು, ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ನಮ್ಮ ಮನೆಯಲ್ಲೇ ಆಗಬೇಕು ಅಂತ ಮಾತಾಯಿತು. ಹೆಸರಿಡುವವಳು ಯಾರು ಅನ್ನೋದನ್ನು ಯಾರೂ ಮಾತಾಡಬೇಕಾಗಿರಲಿಲ್ಲ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅಂದರೆ ಬಸುವಿನ ಅಕ್ಕ, ನನ್ನ ಮಗಳು ಶಾರಿ.

ಶಾರಿಯನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಎರಡು ವರ್ಷದ ಹಿಂದೆ ಅಳಿಯ ಹೋದ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಮಕ್ಕಳಿಲ್ಲ. ತವರಿಗೆ ಬಂದುಬಿಡು ಅಂತ ನಾವೆಲ್ಲ ಹೇಳಿದೆವು, ಅತ್ತೆಯನ್ನು ಬಿಟ್ಟು ಬರುವುದಿಲ್ಲ ಅಂದಳು. ಗದ್ವಾಲ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದು ಅಲ್ಲೇ ಉಳಿದಳು. ಅವಳ ಅತ್ತೆ ಮಲ್ಲವ್ವ ಇಟಿಕ್ಯಾಲ ಕಡೆಯ ಒಕ್ಕಲು ಮನೆತನದವಳು, ಮನೆದೇವರು ಮೈಲಾರಲಿಂಗ. ಆಕೆಯ ಹಣೆಯಲ್ಲಿ ಯಾವಾಗಲೂ ಭಂಡಾರ, ಮೈಲಾರನ ಅರಿಷಿಣ. ಮಾತು ಕಡಿಮೆ, ಆಡಿದರೆ ಕಡಿದು ಇಟ್ಟಂಥ ಮಾತು.

ಹುಡುಗಿಯಾಗಿದ್ದಾಗ ನಮ್ಮ ಶಾರಿ ಜಗಳಗಂಟಿ. ಸೀಸೆಯ ತಳದಲ್ಲಿ ಉಳಿದ ಕೊನೆಯ ಉಂಡೆಗಾಗಿ ತಮ್ಮನ ಜುಟ್ಟು ಹಿಡಿದು ಅಂಗಳದ ತನಕ ಎಳೆದವಳು. ಅಂಥವಳು ಗಂಡ ಹೋದ ಮೇಲೆ ದನಿ ಎತ್ತಿ ಮಾತಾಡುವುದನ್ನೇ ಬಿಟ್ಟಳು. ನಾವೂ ಬಿಟ್ಟೆವು. ಅವಳ ಮುಂದೆ ನಗುವುದೋ ಬೇಡವೋ ಅಂತ ಅನುಮಾನ, ಏನಾದರೂ ಅಂದರೆ ನೊಂದಾಳು ಅಂತ ಹೆದರಿಕೆ. ನಮ್ಮ ಮನೆತನದಲ್ಲಿ ಗಂಡ ಸತ್ತವಳೆಂದು ಯಾರನ್ನೂ ಹೊರಗಿಟ್ಟಿಲ್ಲ. ಆದರೂ ನಂಟರೊಬ್ಬರ ಮನೆಯ ಕುಬಸದಲ್ಲಿ, ಬಸುರಿಯ ಸೀಮಂತದಲ್ಲಿ, ಅರಿಷಿಣ-ಕುಂಕುಮದ ತಟ್ಟೆ ಹಿಡಿದಿದ್ದವಳೊಬ್ಬಳ ಕೈ ಶಾರಿಯ ಮುಂದೆ ಬಂದಾಗ ಒಂದು ಗಳಿಗೆ ತಡೆಯಿತು, ಆಮೇಲೆ ಪಕ್ಕದವಳ ಕಡೆ ಹೋಯಿತು. ಶಾರಿ ಅದನ್ನು ನೋಡಿದಳು. ಅವತ್ತಿನಿಂದ ಯಾರ ಕಾರ್ಯಕ್ಕೆ ಕರೆದರೂ ಒಂದೋ ಬರುತ್ತಿರಲಿಲ್ಲ, ಬಂದರೆ ನೇರ ಅಡುಗೆಮನೆಗೆ ಹೋಗಿ ಕೂತುಬಿಡುತ್ತಿದ್ದಳು.

ಹೆಸರಿಡಲು ಬಾ ಅಂತ ಫೋನು ಮಾಡಿದಾಗ ಅವಳು ಸಿಟ್ಟೂ ಮಾಡಲಿಲ್ಲ, ಅಳಲೂ ಇಲ್ಲ.

"ನಾ ಬರಂಗಿಲ್ಲವ್ವಾ. ಸಣ್ಣ ಕೂಸು, ಒಳ್ಳೇದು ಆಗಬೇಕಾದದ್ದು. ಹೆಸರು ನೀವ ಇಡ್ರಿ. ಆಮ್ಯಾಲ ಒಂದಿನ ಸುಮ್ನ ಬಂದು ನೋಡ್ಕೊಂಡು ಹೋಗ್ತೀನಿ."

ನಾನು ಏನು ಹೇಳಿದರೂ ಅದೇ ಮಾತು. ಬಸು ಹೋಗಿ ಕರೆದ, ಅವನಿಗೂ ಅದೇ ಮಾತು. ಆಗಲೇ ನಮ್ಮಲ್ಲಿಗೆ ಬಂದಿದ್ದ ಮಧು ಮಾತ್ರ ಕೂಸನ್ನು ಭುಜಕ್ಕೆ ಹಾಕಿಕೊಂಡು ಎಲ್ಲ ಕೇಳಿ, "ಮೇನತ್ತೇ ಪೇರು ಪೆಟ್ಟಾಲಿ, ಅತ್ತಮ್ಮ" ಅಂದಳು. ಸೋದರತ್ತೆಯೇ ಹೆಸರಿಡಬೇಕು. ಆಕೆ ಬರುವ ತನಕ ನನ್ನ ಮಗಳಿಗೆ ಹೆಸರು ಬೇಡ. ಬೇರೆ ಯಾರಿಂದಲೋ ಹೇಳಿಸಿ ಮುಗಿಸೋಣ ಅಂತ ಬೀದರ ಕಡೆಯ ನಂಟರು ಸೂಚಿಸಿದಾಗ ಅವಳು ಕೂಸಿಗೆ ಹಾಲು ಕುಡಿಸುವ ನೆವ ಮಾಡಿ ಎದ್ದುಹೋದಳು. ಹೀಗಾಗಿ ಕೂಸು ಹೆಸರಿಲ್ಲದೆ ಬೆಳೆಯತೊಡಗಿತು. ನಾನು ಗುಬ್ಬಿ ಅಂದೆ, ಬಸು ಚಿನ್ನಿ ಅಂದ, ನಮ್ಮವರು ಸಾವ್ಕಾರತಿ ಅಂದರು, ಹಾಲಿನವನು ಪಾಪಮ್ಮ ಅಂದ. ಅದು ಎಲ್ಲದಕ್ಕೂ ತಿರುಗಿ ನೋಡಿ ನಗುತ್ತಿತ್ತು. ನನಗೆ ಮಾತ್ರ ಪ್ರತಿಯೊಂದು ಸಲ ಶಾರಿಯ ನೆನಪಾಗುತ್ತಿತ್ತು. ಈ ಸಲ ಬಾರದಿದ್ದರೆ ಆ ಹುಡುಗಿ ಮುಂದೆ ಯಾವ ಕಾರ್ಯಕ್ಕೂ ಬರುವುದಿಲ್ಲ, ಅಡುಗೆಮನೆಯ ಮೂಲೆಯೇ ಅವಳ ಜಾಗವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಮಧು ಕಾರ್ಯದ ದಿನವನ್ನು ಮುಂದಕ್ಕೆ ಹಾಕಿಸಿ, ಅಟ್ಟದ ಸೀಸೆಗಳನ್ನು ಇಳಿಸಿದಳು. ಕರೆಯುವ ಒಂದೊಂದು ಮನೆಗೂ ಒಂದೊಂದು ಸೀಸೆ ಮಾದಲಿ ಮುಂಚಿತವಾಗಿ ಹೋಗಬೇಕು, ಅದೇ ಕರೆಯೋಲೆ ಅಂದಳು. ನಾವಿಬ್ಬರೂ ಕೂತು ರೊಟ್ಟಿ ಬೇಯಿಸಿದೆವು, ಕುಟ್ಟಿದೆವು, ಜರಡಿ ಹಿಡಿದೆವು. ಆಮೇಲೆ ಜಗಳ ಬಂತು. ಅವಳಿಗೆ ಎಲ್ಲವೂ ಪದರ ಪದರವಾಗಿ ಕಾಣಬೇಕು. ತಳಕ್ಕೆ ಗೋಧಿಪುಡಿ, ಮೇಲೆ ಬೆಲ್ಲ, ಅದರ ಮೇಲೆ ಬಿಳಿ ಕೊಬ್ಬರಿ, ಕಪ್ಪು ಎಳ್ಳು. ಕಲಸದೆ ಇದ್ದರೆ ಅದು ಮಾದಲಿಯೇ ಅಲ್ಲ ಅಂತ ನನ್ನ ವಾದ. ಕಲಸಿದರೆ ಅದು ಸೀಸೆಯೊಳಗೆ ಮಣ್ಣು ತುಂಬಿದ ಹಾಗೆ ಕಾಣುತ್ತದೆ ಅಂತ ಅವಳದು. ಕೊನೆಗೆ ನಮ್ಮವರು ಎರಡೂ ಬಗೆಯದನ್ನು ತಿಂದು ನೋಡುತ್ತೇನೆ ಅಂತ ಕೂತು, ಎರಡು ಬಟ್ಟಲು ಮುಗಿಸಿ, ಇನ್ನೊಮ್ಮೆ ತಿಂದರೆ ಹೇಳಬಹುದು ಅಂದರು. ಅವರ ಪಂಚಾಯ್ತಿಯನ್ನು ಅಲ್ಲಿಗೇ ಬಿಟ್ಟು ಸೊಸೆಯ ಮಾತಿನಂತೆಯೇ ತುಂಬಿದೆವು. ಒಂದೊಂದನ್ನೂ ನಾನೇ ಕೈಯಿಂದ ಒತ್ತಿ ಕಂಠದ ತನಕ ತುಂಬಿದ್ದೇನೆ.

ಮುಚ್ಚಳದ ಮೇಲೆ ಬಟ್ಟೆಯ ಟೋಪಿ ಕಟ್ಟಬೇಕು ಅಂತ ಅವಳ ಆಸೆ. ನನ್ನ ಹಳೆಯ ನಾರಾಯಣಪೇಟೆ ಸೀರೆಗಳು ಕತ್ತರಿಗೆ ಬಂದವು. ಒಂದಕ್ಕೆ ಚೌಕುಳಿ, ಒಂದಕ್ಕೆ ಹಸಿರು, ಒಂದಕ್ಕೆ ಕುಂಕುಮಗೆಂಪು. ಶಾರಿಯ ಸೀಸೆಗೆ ಮಾತ್ರ ಎಲ್ಲಕ್ಕಿಂತ ಚಂದದ್ದು ಇರಲಿ ಅಂತ ನನ್ನ ಅರಿಷಿಣಬಣ್ಣದ ಸೀರೆಯ ತುಂಡು ಆರಿಸಿದಳು. ಚಂದ ಕಾಣುತ್ತದೆ, ಕಟ್ಟು ಅಂದೆ. ಅದಕ್ಕಿಂತ ಹೆಚ್ಚಿನ ಯೋಚನೆ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಮ್ಮವರು ಆ ಸೀಸೆ ತೆಗೆದುಕೊಂಡು ಗದ್ವಾಲಕ್ಕೆ ಹೊರಟರು. ಮಕ್ತಲದಲ್ಲಿ ಬಸ್ಸು ಬದಲಿಸುವಾಗ ಭಾರೀ ಗದ್ದಲವಿತ್ತಂತೆ. ಇವರು ಸೀಸೆಯನ್ನು ಎದೆಗವಚಿಕೊಂಡು ಹತ್ತಿದರೆ ಜನ ದಾರಿ ಬಿಟ್ಟರಂತೆ, ಒಬ್ಬ ಕುರಿಯವನು ಎದ್ದು ಸೀಟು ಕೊಟ್ಟನಂತೆ, ಪಕ್ಕದ ಮುದುಕಿ ಹಳದಿ ಬಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಅರವತ್ತು ತುಂಬಿದ ಮೇಲೆ ಮಂದಿ ಬೆಲೆ ಕೊಡಲು ಹತ್ತಿದ್ದಾರೆ ಅಂತ ಇವರು ತಿಳಿದುಕೊಂಡು ಜೂರಾಲ ಡ್ಯಾಮು ದಾಟುವ ತನಕ ಗತ್ತಿನಿಂದ ಕೂತಿದ್ದರು.

ಸಂಜೆ ಒಬ್ಬರೇ ತಿರುಗಿ ಬಂದರು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಕುಂಚಿಗೆ, ಕೂಸಿಗೆ ತಲೆಯಿಂದ ಬೆನ್ನಿನ ತನಕ ಇಳಿಯುವ ಹಾಗೆ ಹೊದಿಸುವಂಥದು. ಗದ್ವಾಲ ಸೀರೆಗಳ ಅಂಚಿನ ತುಣುಕುಗಳನ್ನು ಕೂಡಿಸಿ, ಒಳಗೆ ಮೆತ್ತನೆಯ ಹಳೆಯ ನೂಲಿನ ಬಟ್ಟೆ ಕೊಟ್ಟು, ಅಂಚಿಗೆಲ್ಲ ಶಾರಿ ಸಣ್ಣ ಸಣ್ಣ ಕುಚ್ಚು ಕಟ್ಟಿದ್ದಳು. ಹೊಲಿಗೆ ಎಲ್ಲಿ ಸುರುವಾಗಿ ಎಲ್ಲಿ ಮುಗಿದಿದೆಯೋ ತಿಳಿಯುವುದಿಲ್ಲ. ನನ್ನ ಮಗಳ ಕೈ ಅಂತ ಹೆಮ್ಮೆ ಆಯಿತು, ಕೂಡಲೇ ದುಃಖವೂ ಆಯಿತು. ತಾನು ಬರುವ ಬದಲು ಇದನ್ನು ಕಳಿಸಿದ್ದಳು. ಮಧು ಕುಂಚಿಗೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು, ಮಡಚಿದಳು, ಪೆಟ್ಟಿಗೆಯಲ್ಲಿಟ್ಟಳು. ಹೊಲಿದ ಕೈಯೇ ಹಾಕಲಿ, ನಾನು ಹಾಕುವುದಿಲ್ಲ ಅಂದಳು.

ಮರುದಿನ ಮಲ್ಲವ್ವನ ಫೋನು ಬಂತು. ಆಕೆ ತಾನಾಗಿ ಫೋನು ಮಾಡಿದವಳೇ ಅಲ್ಲ.

"ತಂಗೀ, ನಿಮ್ಮ ಮೀಸಲು ಮುಟ್ಟೈತಿ. ದೇವರ ಜಗಲಿ ಮ್ಯಾಲ ಇಟ್ಟು ಭಂಡಾರ ಹಚ್ಚೀನಿ. ಶಾರಿ ಹೆಸರಿಲೆ ಬಂದೈತಿ ಅಂದ ಮ್ಯಾಲ ಆಕೀನ ಅದನ್ನ ಹೊತ್ಕೊಂಡು ಬಂದು ಕೂಸಿನ ಮುಂದ ಬಿಚ್ಚಬೇಕು. ನಾನೂ ಸಂಗಟ ಬರ್ತೀನಿ."

ನನಗೆ ತಲೆಬುಡ ಹತ್ತಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಅವರ ಮನೆಯಲ್ಲಿ ಹೊಸ ಬೆಳೆ, ಹೊಸ ಬೆಲ್ಲ, ಮೊದಲ ಬೆಣ್ಣೆ ಏನೇ ಬಂದರೂ ಮೊದಲು ಮೈಲಾರನಿಗೆಂದು ಒಂದು ಪಾತ್ರೆಯಲ್ಲಿ ತೆಗೆದು, ಬಾಯಿಗೆ ಹಳದಿ ಬಟ್ಟೆ ಕಟ್ಟಿ ಇಡುತ್ತಾರೆ. ಅದು ಮೀಸಲು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಕೂಸಿಗಾಗಿ ಹೊತ್ತ ಮೀಸಲಾದರೆ ಯಾರ ಹೆಸರಿಗೆ ಬಂದಿರುತ್ತದೋ ಅವಳೇ ಅದನ್ನು ಕೂಸಿರುವ ಮನೆಗೆ ಒಯ್ದು ತನ್ನ ಕೈಯಾರೆ ಬಿಚ್ಚಬೇಕು. ಬೇರೆ ಯಾರು ಬಿಚ್ಚಿದರೂ ನಡೆಯುವುದಿಲ್ಲ. ಮಕ್ತಲದ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಯಾಕೆ ಅಂತ ನಮ್ಮವರಿಗೆ ಆಗ ಅರ್ಥವಾಯಿತು, ಮುಖ ಸಣ್ಣದು ಮಾಡಿಕೊಂಡರು.

ಅದು ಮೀಸಲಲ್ಲ ಅಕ್ಕಾರ, ನಮ್ಮ ಸೊಸೆಯ ಮಾದಲಿ ಅಂತ ಹೇಳಲು ಬಾಯಿ ತೆರೆದೆ. ಎದುರಿಗೆ ಮಧು ಹೆಸರಿಲ್ಲದ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ತೆರೆದ ಬಾಯಿಂದ ಹೂಂ ರೀ, ಬರ್ರಿ ಅನ್ನುವ ಮಾತಷ್ಟೇ ಹೊರಗೆ ಬಂತು. ದೇವರ ಹೆಸರಿನಲ್ಲಿ ಹೀಗೆ ಮಾಡಬಾರದು, ನಿಜ ಹೇಳಿಬಿಡು ಅಂತ ನಮ್ಮವರು ಗೊಣಗಿದರು. ನನಗೂ ಒಳಗೊಳಗೆ ಭಯವೇ. ಮೈಲಾರಲಿಂಗ ನಮ್ಮ ಮನೆದೇವರಲ್ಲ, ಅವನ ಸಿಟ್ಟು ಎಂಥದೋ ನನಗೆ ಪರಿಚಯವಿಲ್ಲ. ಸಂಜೆ ದೀಪ ಹಚ್ಚಿ, ತಂದೆಯೇ, ಮಾದಲಿ ನಿನ್ನದೇ ಅಂತ ತಿಳಿದುಕೋ, ಮಗಳನ್ನು ಮಾತ್ರ ನನಗೆ ಕಳಿಸು ಅಂತ ಬೇಡಿಕೊಂಡೆ. ಆಮೇಲೆ ಶಾರಿಯ ಫೋನು ಬಂತು. ನಿಜವಾಗಿಯೂ ಮೀಸಲೇನು ಅಂತ ಕೇಳಿದಳು, ದನಿಯಲ್ಲಿ ಪೂರ್ತಿ ಅನುಮಾನ. ಮೀಸಲಿನ ವಿಚಾರ ನನಗೇನು ಗೊತ್ತು, ನಿಮ್ಮತ್ತೆಯನ್ನು ಕೇಳು ಅಂತ ಫೋನು ಇಟ್ಟೆ.

ಕಾರ್ಯದ ದಿನ ಬೆಳಿಗ್ಗೆ ಇಬ್ಬರೂ ಬಂದು ಇಳಿದರು. ಶಾರಿಯ ಕೈಯಲ್ಲಿ ಸೀಸೆ, ಅದಕ್ಕೆಲ್ಲ ಭಂಡಾರ ಮೆತ್ತಿ ಒಳಗಿನ ಪದರ ಒಂದೂ ಕಾಣುತ್ತಿರಲಿಲ್ಲ. ಅವಳ ಸೆರಗು, ಅಂಗೈ, ಮೂಗಿನ ತುದಿ ಎಲ್ಲ ಹಳದಿ. ಹಜಾರದ ತುಂಬ ಹೆಂಗಸರು ಕೂತಿದ್ದರು. ಶಾರಿ ಗೋಡೆಯ ಬದಿಯಿಂದ ಸರಿದು ಅಡುಗೆಮನೆಯ ಕಡೆ ಹೊರಟಳು. ಮೀಸಲು ಒಲೆಯ ಮುಂದೆ ಬಿಚ್ಚುವುದಲ್ಲ, ತೊಟ್ಟಿಲ ಮುಂದೆ ಕೂಡು ಅಂತ ಮಲ್ಲವ್ವ ಹಿಂದಿನಿಂದ ಹೇಳಿದಳು. ಎಲ್ಲರ ನಡುವೆ, ಅಲಂಕಾರ ಮಾಡಿದ ತೊಟ್ಟಿಲ ಎದುರು ಮಣೆಯ ಮೇಲೆ ಅವಳು ಕೂರಲೇಬೇಕಾಯಿತು.

ತಲೆ ಬಗ್ಗಿಸಿಕೊಂಡು ದಾರ ಬಿಚ್ಚಿದಳು, ಬಟ್ಟೆ ತೆಗೆದಳು, ಮುಚ್ಚಳ ತಿರುಗಿಸಿದಳು. ನಾನು ಪಕ್ಕದಲ್ಲೇ ನಿಂತು ಇಣುಕಿದೆ. ಕಂಠದ ತನಕ ಒತ್ತಿ ತುಂಬಿದ್ದ ಮಾದಲಿ ಒಂದು ಹಿಡಿಯಷ್ಟು ಕೆಳಗೆ ಇಳಿದಿತ್ತು. ಮೇಲಿನ ಕೊಬ್ಬರಿ, ಎಳ್ಳಿನ ಪದರ ಮಾಯವಾಗಿತ್ತು, ಬೆರಳು ಆಡಿಸಿದ ಗುರುತು ಇತ್ತು. ನಾನು ಮಲ್ಲವ್ವನ ಮುಖ ನೋಡಿದೆ. ಆಕೆ ಕಣ್ಣು ತಪ್ಪಿಸಲಿಲ್ಲ. ನನ್ನ ಕಡೆ ಬಾಗಿ, ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ದೇವರು ಒಂದೀಟು ರುಚಿ ನೋಡ್ಯಾನ ತಂಗಿ. ಬೆಲ್ಲ ಇನ್ನೀಟು ಬೇಕಿತ್ತಂತ."

ನನಗೆ ನಗು ಬಂತು. ಮೀಸಲು ಯಾವುದು, ಮಾದಲಿ ಯಾವುದು ತಿಳಿಯದವಳೇ ಈಕೆ? ಒಬ್ಬನೇ ಮಗನನ್ನು ಕಳೆದುಕೊಂಡವಳು, ಸೊಸೆ ಮೂಲೆ ಸೇರುವುದನ್ನು ಎರಡು ವರ್ಷ ದಿನದಿನವೂ ನೋಡಿದವಳು. ಹಳದಿ ಬಟ್ಟೆ ಕಣ್ಣಿಗೆ ಬಿದ್ದ ಕೂಡಲೇ ಆಕೆಗೆ ದಾರಿ ಕಂಡಿರಬೇಕು. ತಾಯಿಯಾಗಿ ನನಗೆ ಹೊಳೆಯದ ಉಪಾಯ ಆಕೆಗೆ ಹೊಳೆಯಿತು. ಆ ಗಳಿಗೆಯಲ್ಲಿ ನನಗೆ ಆಕೆಯ ಕಾಲು ಮುಟ್ಟಬೇಕು ಅನ್ನಿಸಿತು.

ಶಾರಿ ಒಂದು ಚಿಟಿಕೆ ಮಾದಲಿಯನ್ನು ಮಧುವಿನ ಬಾಯಿಗೆ ಹಾಕಿದಳು. ಮಧು ಪೆಟ್ಟಿಗೆಯಿಂದ ಕುಂಚಿಗೆ ತಂದು ಅವಳ ಕೈಗೆ ಕೊಟ್ಟಳು, ಕೂಸನ್ನು ಮಡಿಲಿಗೆ ಹಾಕಿದಳು. ಕುಂಚಿಗೆ ಸರಿಯಾಗಿ ಕೂತಿತು, ನನ್ನ ಕುಲಾಯಿಯ ಹಾಗೆ ಆಗಲಿಲ್ಲ. ಕೂಸು ಕೈಗೆ ಸಿಕ್ಕ ಕುಚ್ಚನ್ನು ಬಾಯಿಗೆ ಹಾಕಿಕೊಂಡಿತು. ತೊಟ್ಟಿಲಿಗೆ ಹಾಕಿದರು. ಶಾರಿ ಬಗ್ಗಿ ಅದರ ಕಿವಿಯ ಹತ್ತಿರ ಬಾಯಿ ಒಯ್ದು, ರೂಢಿಯಂತೆ ಮೊದಲು ಕುರ್ರ್ ಅಂತ ಮೆಲ್ಲಗೆ ಅಂದು, ಏನೋ ಹೇಳಿದಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದ ಸೋದರತ್ತೆಯ ಬೆನ್ನಿಗೆ ಹಿಂದೆ ನಿಂತ ಹೆಂಗಸರೆಲ್ಲ ಗುದ್ದಬೇಕು, ಅವಳು ಹೆಸರನ್ನು ಬಾಯಿಬಿಟ್ಟು ಹೇಳುವ ತನಕ ಗುದ್ದಬೇಕು. ಅತ್ತೆಯಾದವಳಿಗೆ ಆ ಗುದ್ದೇ ಮರ್ಯಾದೆ. ಈಗ ಅವಳ ಬೆನ್ನು ಬಗ್ಗಿದೆ, ಹಿಂದೆ ಇಷ್ಟು ಜನ ನಿಂತಿದ್ದೇವೆ, ಯಾರ ಕೈಯೂ ಏಳಲಿಲ್ಲ. ನೊಂದ ಹುಡುಗಿ, ಹೇಗೆ ಗುದ್ದುವುದು ಅಂತ ಎಲ್ಲರಿಗೂ ಸಂಕೋಚ. ನನಗೂ ಕೈ ಬರಲಿಲ್ಲ. ಶಾರಿ ಬಗ್ಗಿದವಳು ಹಾಗೇ ಇದ್ದಳು, ಅವಳ ಕಿವಿ ಕೆಂಪಾಗತೊಡಗಿದ್ದು ನನಗೆ ಕಾಣುತ್ತಿತ್ತು.

ಆಗ ಧಬ್ ಅಂತ ಒಂದು ಗುದ್ದು ಬಿತ್ತು. ಮಲ್ಲವ್ವನದು. ಹೊಲದ ಕೆಲಸ ಮಾಡಿದ ಕೈ, ಲೆಕ್ಕಕ್ಕೆ ಮುಟ್ಟಿದ ಗುದ್ದಲ್ಲ. ಅದರ ಹಿಂದೆಯೇ ಮಧುವಿನದು ಬಿತ್ತು. ಆಮೇಲೆ ಕಟ್ಟೆ ಒಡೆದಂತಾಯಿತು. ಅಕ್ಕಪಕ್ಕದವರು, ಬೀದರ ಕಡೆಯವರು, ಮಹಬೂಬನಗರದ ಬೀಗರು, ಕುಬಸದಲ್ಲಿ ತಟ್ಟೆ ತಡೆದಿದ್ದ ಆ ಹೆಂಗಸು ಕೂಡ, ಎಲ್ಲರೂ ನುಗ್ಗಿ ಗುದ್ದಿದರು.

"ಮಲ್ಲಿಕಾ ಅಂದೆ, ಮಲ್ಲಿಕಾ" ಅಂತ ಶಾರಿ ತೊಟ್ಟಿಲಿಗೆ ಬಗ್ಗಿದಲ್ಲಿಂದಲೇ ಕೂಗಿದಳು. "ಇನ್ನ ಎಷ್ಟು ಹೊಡೀತೀರಿ, ಬೆನ್ನು ಮುರಿಯಾಕ ಬಂದೀರೇನು? ಯಾರಬೇ ಆಕಿ ಮೊದಲ ಹೊಡದಾಕಿ, ಈ ಕಡೆ ಬಾ ನೋಡ್ತೀನಿ."

ಕಣ್ಣಲ್ಲಿ ನೀರು, ಮೂಗಿನ ಮೇಲೆ ಭಂಡಾರ, ದನಿ ಓಣಿಯ ತುದಿಗೆ ಮುಟ್ಟುವಂಥದು. ಎಲ್ಲರೂ ಗುದ್ದಿ ಮುಗಿಸಿದ ಮೇಲೆ ನನ್ನ ಸರದಿ ಬಂತು. ಎರಡು ವರ್ಷ ಮೆಲ್ಲಗೆ ಮಾತಾಡಿಸಿಕೊಂಡು ಬಂದಿದ್ದ ಮಗಳ ಬೆನ್ನಿಗೆ ನಾನು ಜೋರಾಗಿಯೇ ಒಂದು ಕೊಟ್ಟೆ.